ಹೆಬ್ಬೆಟ್ಟಿನ ಬರಹ: ಮುಖ್ತಾರ್ ಮಾಯಿಯ ಆತ್ಮಕತೆಯ ಮುಂದೆ ನಾವು

ಹೋದ ಬೇಸಿಗೆಯಲ್ಲಿ ನಾವು ಹದಿನೈದಿಪ್ಪತ್ತು ಜನ ಒಂದು ಹಳ್ಳಿ ಶಾಲೆಯ ಕೊಠಡಿಯಲ್ಲಿ ಕೂತು ಒಂದು ಪುಸ್ತಕ ಓದುತ್ತಿದ್ದೆವು. ಪಾಕಿಸ್ತಾನದ ಮುಖ್ತಾರ್ ಮಾಯಿ ಎಂಬ ರೈತಾಪಿ ಹೆಂಗಸಿನ ಆತ್ಮಕತೆ. ಇಂಗ್ಲಿಷಿನಲ್ಲಿದ್ದದ್ದನ್ನು ಪುಟ ಪುಟವಾಗಿ ನಮ್ಮ ಮಾತಿಗೆ ತಂದುಕೊಂಡು ಗಟ್ಟಿಯಾಗಿ ಹೇಳುತ್ತಿದ್ದೆವು. ಓದುತ್ತಿದ್ದವರೆಲ್ಲ ಗಂಡಸರು. ಮೊದಲ ಅಧ್ಯಾಯ ಮುಗಿಯಿತು. ನಮ್ಮಲ್ಲೊಬ್ಬರು, ಆ ಭಾಗ ಸರಿಯಾಗಿ ಮನಸ್ಸಿಗೆ ಇಳಿಯಲಿಲ್ಲ, ಇನ್ನೊಂದು ಸಲ ಓದಿ ಅಂದರು. ಓದಿದೆವು. ಮೂರನೆಯ ಸಲ ಅದೇ ಪುಟಕ್ಕೆ ಬಂದಾಗ, ಹಿಂದೆ ಗೋಡೆಗೆ ಒರಗಿ ಕೂತಿದ್ದ ಬಿಸಿಯೂಟದ ಅಕ್ಕ ಬಾಯಿ ಬಿಟ್ಟರು: "ಆ ರಾತ್ರಿ ಕತೆ ಸಾಕು ಮೇಷ್ಟ್ರೆ. ಬೆಳಗಾದ್ ಮೇಲೆ ಅವ್ಳು ಏನ್ ಮಾಡುದ್ಲು, ಅದ್ನ ಓದಿ."

ಕೊಠಡಿ ತಣ್ಣಗಾಯಿತು. ನಾವು ಆವರೆಗೆ ಯಾತಕ್ಕಾಗಿ ಓದುತ್ತಿದ್ದೆವು ಅನ್ನೋದು ನಮಗೇ ಗೊತ್ತಾಗಿ ತಲೆ ತಗ್ಗಿಸಿದೆವು. ಈ ಲೇಖನ ಆ ಅಕ್ಕನ ಮಾತಿಗೆ ನಾವು ಕೊಡುತ್ತಿರುವ ಉತ್ತರ. ಒಂದು ರೀತಿಯ ತಪ್ಪೊಪ್ಪಿಗೆಯೂ ಹೌದು.

1

ತಿಳಿಯದವರಿಗಾಗಿ ಮೊದಲು ಸಂಗತಿಯನ್ನು ಚುಟುಕಾಗಿ ಹೇಳಬೇಕು. ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ದಕ್ಷಿಣಕ್ಕೆ ಮುಜಫ್ಫರ್‌ಗಢ ಜಿಲ್ಲೆ. ಅಲ್ಲಿ ಮೀರ್‌ವಾಲಾ ಎಂಬ ಹಳ್ಳಿ. ಮುಖ್ತಾರಳದು ಗುಜ್ಜರ್ ಕುಲ, ಸಣ್ಣ ಹಿಡುವಳಿಯ ಸಂಸಾರ. ಊರಿನಲ್ಲಿ ಜಮೀನು, ಬಂದೂಕು, ಪೊಲೀಸರ ಸ್ನೇಹ ಎಲ್ಲ ಇದ್ದದ್ದು ಮಸ್ತೋಯಿ ಕುಲದವರ ಕೈಯಲ್ಲಿ. ಮುಖ್ತಾರಳ ತಮ್ಮ, ಇನ್ನೂ ಹನ್ನೆರಡರ ಆಸುಪಾಸಿನ ಹುಡುಗ, ಮಸ್ತೋಯಿ ಹೆಣ್ಣಿನ ಜೊತೆ ಸಿಕ್ಕಿಬಿದ್ದ ಎಂಬ ಆರೋಪ ಹುಟ್ಟಿತು. ನಿಜವಾಗಿ ಆ ಹುಡುಗನ ಮೇಲೆಯೇ ಮಸ್ತೋಯಿ ಗಂಡಸರು ದೌರ್ಜನ್ಯ ಮಾಡಿ, ಅದನ್ನು ಮುಚ್ಚಲು ಈ ಕತೆ ಕಟ್ಟಿದರು ಎಂದು ಮುಖ್ತಾರಳ ಮನೆಯವರು ಹೇಳುತ್ತಾರೆ. 2002ರ ಜೂನ್ 22ರ ರಾತ್ರಿ ಪಂಚಾಯ್ತಿ ಸೇರಿತು. ಮನೆಯ ಪರವಾಗಿ ಕ್ಷಮೆ ಕೇಳಲು ಮುಖ್ತಾರಳನ್ನು ಕಳಿಸಿದರು. ಗಂಡನಿಂದ ಬಿಡುಗಡೆ ಪಡೆದು ತೌರಿನಲ್ಲಿದ್ದವಳು, ಊರ ಮಕ್ಕಳಿಗೆ ಕುರಾನು ಬಾಯಿಪಾಠ ಹೇಳಿಕೊಡುತ್ತಿದ್ದವಳು. ಕ್ಷಮೆ ಕೇಳಲು ಹೋದವಳನ್ನು ಎಳೆದೊಯ್ದು ಅತ್ಯಾಚಾರ ಮಾಡಿದರು. ಆಮೇಲೆ ಊರ ಕಣ್ಣೆದುರಿಗೆ ಮನೆಗೆ ನಡೆಸಿದರು.

ರಾತ್ರಿಯ ಕತೆ ಇಷ್ಟು ಸಾಕು. ಇದಕ್ಕಿಂತ ಹೆಚ್ಚು ಬೇಕು ಅನ್ನುವವರು ತಮ್ಮ ಮನಸ್ಸನ್ನು ತಾವೇ ವಿಚಾರಿಸಿಕೊಳ್ಳಲಿ.

ಆ ಊರಿನ ಪದ್ಧತಿ ಪ್ರಕಾರ ಮುಂದೆ ಆಗಬೇಕಾಗಿದ್ದದ್ದು ಒಂದೇ. ಅವಳು ಸಾಯಬೇಕಾಗಿತ್ತು. ಆಕೆಯೂ ಹಾಗೇ ಅಂದುಕೊಂಡಳು. ತಾಯಿ ಕಾವಲು ಕೂತಳು. ಊರ ಮಸೀದಿಯ ಇಮಾಮ್ ಶುಕ್ರವಾರದ ಪ್ರಾರ್ಥನೆಯ ಹೊತ್ತಿನಲ್ಲಿ, ನಡೆದದ್ದು ಪಾಪ, ಈ ಮನೆಯವರು ದೂರು ಕೊಡಬೇಕು ಎಂದು ಎಲ್ಲರ ಮುಂದೆ ಹೇಳಿದ. ಧರ್ಮದವರು ಅಂದ ತಕ್ಷಣ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೈಯುವ ನಮ್ಮ ಅಭ್ಯಾಸಕ್ಕೆ ಈ ಇಮಾಮ್ ಒಂದು ತೊಡಕು. ಪೊಲೀಸರು, ಜಮೀನ್ದಾರರು, ಪಂಚರು ಎಲ್ಲ ಬಾಯಿ ಮುಚ್ಚಿದ್ದಾಗ ಮೊದಲು ಬಾಯಿ ತೆರೆದವನು ಅವನೇ. ಸತ್ಯ ಇದ್ದ ಕಡೆ ಸತ್ಯವನ್ನು ಒಪ್ಪಲೇಬೇಕು.

ಜೂನ್ 30ಕ್ಕೆ ದೂರು ದಾಖಲಾಯಿತು. ಸುದ್ದಿ ಪತ್ರಿಕೆಗೆ ಬಂತು, ದೇಶ ದೇಶ ಸುತ್ತಿತು. ಅದೇ ವರ್ಷ ಆಗಸ್ಟ್ 31ರಂದು ಭಯೋತ್ಪಾದನಾ ವಿರೋಧಿ ನ್ಯಾಯಾಲಯ ಆರು ಜನಕ್ಕೆ ಮರಣದಂಡನೆ ವಿಧಿಸಿತು. 2005ರ ಮಾರ್ಚಿನಲ್ಲಿ ಲಾಹೋರ್ ಹೈಕೋರ್ಟು ಐವರನ್ನು ಬಿಟ್ಟಿತು, ಒಬ್ಬನಿಗೆ ಮಾತ್ರ ಜೀವಾವಧಿ. ಸುಪ್ರೀಂ ಕೋರ್ಟು 2011ರ ಏಪ್ರಿಲ್ 21ರಂದು ಅದನ್ನೇ ಎತ್ತಿ ಹಿಡಿಯಿತು. ಮೂವರು ನ್ಯಾಯಮೂರ್ತಿಗಳಲ್ಲಿ ನಾಸಿರ್ ಉಲ್ ಮುಲ್ಕ್ ಒಬ್ಬರೇ ಭಿನ್ನಮತ ಬರೆದರು. 2019ರಲ್ಲಿ ಮರುಪರಿಶೀಲನೆಯ ಅರ್ಜಿಯೂ ಬಿದ್ದುಹೋಯಿತು. ದೂರು ಕೊಡಲು ಎಂಟು ದಿನ ತಡವಾಯಿತು ಅನ್ನೋದು ಕೋರ್ಟಿನ ಕಣ್ಣಿಗೆ ದೊಡ್ಡ ಅನುಮಾನವಾಗಿ ಕಂಡಿತು. ಆ ಎಂಟು ದಿನ ಅವಳು ಸಾಯೋದೋ ಬದುಕೋದೋ ಅಂತ ತೂಗುತ್ತಿದ್ದಳು. ಈ ತೂಕ ಹಾಕೋ ತಕ್ಕಡಿ ಕೋರ್ಟಿನಲ್ಲಿ ಇರಲಿಲ್ಲ.

2

ಪುಸ್ತಕ ಮೊದಲು ಬಂದದ್ದು ಫ್ರೆಂಚಿನಲ್ಲಿ. ಮಾರಿ ತೆರೇಸ್ ಕ್ಯುನಿ ಎಂಬ ವೃತ್ತಿ ಬರಹಗಾರ್ತಿ ಆಕೆಯ ಮಾತು ಕೇಳಿ ಬರೆದದ್ದು. 2006ರಲ್ಲಿ ಇಂಗ್ಲಿಷಿಗೂ ಬಂತು. ಫ್ರೆಂಚ್ ಹೆಸರಿನ ಅರ್ಥ 'ಮಾನಗೆಟ್ಟವಳು'. ಇಂಗ್ಲಿಷಿಗೆ ಬರುವಾಗ ಅದು 'ಮಾನದ ಹೆಸರಿನಲ್ಲಿ' ಅಂತಾಯಿತು. ಈ ಎರಡು ಹೆಸರುಗಳ ನಡುವೆ ಒಂದು ಇಡೀ ಹೋರಾಟ ಇದೆ. ಮೊದಲನೆಯ ಹೆಸರು ಮೀರ್‌ವಾಲಾದ ಪಂಚಾಯ್ತಿ ಕೊಟ್ಟ ತೀರ್ಪನ್ನೇ ರಟ್ಟಿನ ಮೇಲೆ ಅಚ್ಚು ಹಾಕುತ್ತದೆ. ಎರಡನೆಯದು, ಯಾರ ಮಾನ, ಯಾರ ಹೆಸರು ಅಂತ ತಿರುಗಿ ಕೇಳುತ್ತದೆ. ಪುಸ್ತಕದೊಳಗಿನ ಹೆಂಗಸು ಎರಡನೆಯ ಹೆಸರಿನ ಕಡೆಯವಳು. ಮೊದಲ ಹೆಸರು ಮಾರಾಟಗಾರರದ್ದು.

ನಗುವ ಮೊದಲು ನಮ್ಮ ಭಾಷೆಯನ್ನು ನೋಡಿಕೊಳ್ಳೋಣ. 'ಮಾನಭಂಗ', 'ಶೀಲಹರಣ' ಅಂತ ನಮ್ಮ ಪತ್ರಿಕೆಗಳು ಎಷ್ಟು ಕಾಲ ಬರೆದಿಲ್ಲ! ಊರಲ್ಲಿ 'ಕೆಟ್ಟೋದ್ಲು', 'ಬಾಳು ಹಾಳಾಯ್ತು' ಅಂತಾರೆ. ಕೆಟ್ಟವನು ಮೀಸೆ ತಿರುವಿಕೊಂಡು ಚಾವಡಿ ಮೇಲೆ ಕೂತಿರುತ್ತಾನೆ, ಕೆಟ್ಟದ್ದು ಮಾತ್ರ ಇವಳು! ಕಳ್ಳತನವಾದ ಮನೆಯವನನ್ನು ಕಳ್ಳ ಅನ್ನುವ ಭಾಷೆ ಲೋಕದಲ್ಲಿ ಎಲ್ಲಾದರೂ ಉಂಟೇ? ಈ ಒಂದು ವಿಷಯದಲ್ಲಿ ಉಂಟು.

'ಅತ್ಯಾಚಾರ' ಅನ್ನುವ ಪದವನ್ನೇ ತಗೊಳ್ಳಿ. ಆಚಾರವನ್ನು ಮೀರಿದ್ದು ಅಂತ ಅದರ ಅರ್ಥ. ಬೇರೆ ಪದ ಇಲ್ಲದೆ ನಾವೂ ಇದನ್ನೇ ಬಳಸುತ್ತಿದ್ದೇವೆ. ಆದರೆ ಮೀರ್‌ವಾಲಾದಲ್ಲಿ ಮೀರಿದ ಆಚಾರ ಯಾವುದು? ಊರ ಪಂಚರು ಸೇರಿದ್ದರು. ಎರಡು ಕುಲದ ನಡುವೆ ಲೆಕ್ಕ ಚುಕ್ತಾ ಆಗಬೇಕಾಗಿತ್ತು. ಆ ಪ್ರದೇಶದಲ್ಲಿ ಗಂಡಸರ ಜಗಳ ತೀರಿಸಲು ಹೆಣ್ಣು ಮಕ್ಕಳನ್ನು ಎದುರು ಪಕ್ಷಕ್ಕೆ ಮದುವೆ ಮಾಡಿಕೊಡುವ ಪದ್ಧತಿ ಇದೆ, 'ವನೀ' ಅಂತ ಅದಕ್ಕೆ ಹೆಸರು. ಹೆಣ್ಣು ಕೊಟ್ಟು ಹೆಣ್ಣು ತರುವ ಬದಲಿ ಮದುವೆಗೆ 'ವಟ್ಟಾ ಸಟ್ಟಾ' ಅಂತ ಹೆಸರು. ಹೆಣ್ಣಿನ ಮೈ ಅಲ್ಲಿ ಚಲಾವಣೆಯ ನಾಣ್ಯ. ಆ ರಾತ್ರಿ ನಡೆದದ್ದು ಈ ಆಚಾರದ ಒಳಗೇ ನಡೆದದ್ದು. ನಮ್ಮ ಊರುಗಳಲ್ಲಿ ಕೇರಿಯ ಹೆಣ್ಣಿನ ಮೇಲೆ ಕೈ ಹಾಕುವ ಜಮೀನ್ದಾರನೂ ಜಾತಿ ಆಚಾರವನ್ನು ಮೀರುತ್ತಿಲ್ಲ. ಅವಳ ಕೈಯ ನೀರು ಮುಟ್ಟದೆ, ಅವಳ ಮೈ ಮುಟ್ಟುವುದು ಅವನ ಆಚಾರದಲ್ಲಿ ತಪ್ಪೇ ಅಲ್ಲ. ಹಾಗಾಗಿ, ಇದು ಯಾರೋ ನಾಲ್ಕು ಮೃಗಗಳ ಕೆಲಸ ಅಂತ ಹೇಳಿ ಕೈ ತೊಳೆದುಕೊಳ್ಳುವವರನ್ನು ನಂಬಬಾರದು. ವ್ಯವಸ್ಥೆ ತನ್ನ ಕೆಲಸವನ್ನು ಮನುಷ್ಯರ ಕೈಲಿ ಮಾಡಿಸುತ್ತದೆ.

ಪಾಕಿಸ್ತಾನದ ಪ್ರಭುತ್ವವೂ ಮಾತಾಡಿದ್ದು ಮಾನದ ಭಾಷೆಯನ್ನೇ. 2005ರಲ್ಲಿ ಆಕೆ ಅಮೆರಿಕಾಕ್ಕೆ ಹೊರಟಾಗ ಸರ್ಕಾರ ಆಕೆಯ ಹೆಸರನ್ನು ದೇಶ ಬಿಟ್ಟು ಹೋಗಬಾರದವರ ಪಟ್ಟಿಗೆ ಸೇರಿಸಿತು. ದೇಶಕ್ಕೆ ಕೆಟ್ಟ ಹೆಸರು ಬರುತ್ತದೆ ಅನ್ನೋದು ಆಗಿನ ಅಧ್ಯಕ್ಷ ಮುಷರಫ್ ಕೊಟ್ಟ ಸಮಜಾಯಿಷಿ. ಕುಲದ ಮಾನಕ್ಕೆ ಒಂದು ಸಲ, ದೇಶದ ಮಾನಕ್ಕೆ ಇನ್ನೊಂದು ಸಲ, ಎರಡು ಸಲವೂ ತೆರಬೇಕಾದವಳು ಅವಳೇ.

ಇದನ್ನು ಓದಿ ನಮ್ಮಲ್ಲಿ ಕೆಲವರು, ಪಾಕಿಸ್ತಾನ ಅಲ್ಲವೇ, ಅಲ್ಲಿ ಅಷ್ಟೆ ಅಂದುಬಿಡುತ್ತಾರೆ. ಅವರಿಗೆ ಎರಡೇ ಹೆಸರು ಸಾಕು. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಮೈ ಮೇಲೆ ಗಾಯದ ಗುರುತಿಲ್ಲ ಅಂತ ಹೇಳಿ 1978ರಲ್ಲಿ ನಮ್ಮ ಸುಪ್ರೀಂ ಕೋರ್ಟು ಇಬ್ಬರು ಪೇದೆಗಳನ್ನು ಬಿಟ್ಟಿತು. ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಕೋರ್ಟಿಗೆ ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. 1992ರಲ್ಲಿ ರಾಜಸ್ಥಾನದ ಭಟೇರಿಯಲ್ಲಿ ಕುಂಬಾರ ಜಾತಿಯ ಭಂವರಿ ದೇವಿ ಮೇಲುಜಾತಿಯವರ ಮನೆಯ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ ಅದೇ ಶಿಕ್ಷೆ ಉಂಡಳು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಮೇಲುಜಾತಿಯವರು ಕೆಳಜಾತಿಯ ಹೆಂಗಸನ್ನು ಮುಟ್ಟುವುದುಂಟೇ ಎಂಬ ಧಾಟಿಯ ತರ್ಕ ಅದರಲ್ಲಿತ್ತು. ಆದರೆ ಅವಳ ಹಠದ ಬೆನ್ನಿಗೇ 1997ರ ವಿಶಾಖಾ ತೀರ್ಪು ಬಂತು, 2013ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ ಕಾಯಿದೆ ಬಂತು. ಇವತ್ತು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುವ ಓದಿದ ಹೆಣ್ಣುಮಕ್ಕಳಿಗೆ ದಕ್ಕಿರುವ ರಕ್ಷಣೆ ಓದು ಬಾರದ ಒಬ್ಬ ಹಳ್ಳಿ ಹೆಂಗಸಿನ ಬೆವರು. ಗಡಿಯ ಆಚೆಯ ಹೆಂಗಸು, ಈಚೆಯ ಹೆಂಗಸು ಒಂದೇ ದಾರಿಯಲ್ಲಿ ನಡೆದಿದ್ದಾರೆ. ತನಗೆ ಸಿಗದ ನ್ಯಾಯವನ್ನು ಬೇರೆಯವರಿಗೆ ಕಟ್ಟಿಕೊಟ್ಟಿದ್ದಾರೆ.

3

ಪುಸ್ತಕದ ನಿಜವಾದ ಜೀವ ಎಲ್ಲಿದೆ? ನಮ್ಮ ಪ್ರಕಾರ ಹೆಬ್ಬೆಟ್ಟಿನಲ್ಲಿದೆ.

ಮುಖ್ತಾರಳಿಗೆ ಆಗ ಓದು ಬರೆಹ ಬಾರದು. ಠಾಣೆಯಲ್ಲಿ ಅವಳು ಹೇಳಿದ್ದೊಂದು, ಪೊಲೀಸರು ಬರೆದುಕೊಂಡದ್ದು ಇನ್ನೊಂದು. ಏನು ಬರೆದಿದೆ ಅಂತ ತಿಳಿಯದ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ತನ್ನ ಮೈಗೆ ಆದದ್ದನ್ನು ತನ್ನ ಹೆಸರಿನಲ್ಲೇ ಬೇರೆಯವರು ಸುಳ್ಳಾಗಿ ಬರೆಯುತ್ತಾರೆ, ಅದಕ್ಕೆ ತನ್ನದೇ ಬೆರಳಿನ ಗುರುತು ಸಾಕ್ಷಿ ಆಗುತ್ತದೆ ಅನ್ನೋದು ಅವಳಿಗೆ ಅರಿವಾದ ಗಳಿಗೆ ಈ ಪುಸ್ತಕದ ದೊಡ್ಡ ಗಳಿಗೆ. ಆ ರಾತ್ರಿಯಷ್ಟೇ ದೊಡ್ಡದು. ನಮ್ಮ ವಿಮರ್ಶಕರ ಕಣ್ಣಿಗೆ ಇದು ಬೀಳುವುದು ಕಷ್ಟ. ಅವರಿಗೆ ಹೆಬ್ಬೆಟ್ಟು ಅಂದರೆ ಬೈಗುಳ. ಆದರೆ ಕೇರಿಯಿಂದ ಬಂದವರಿಗೆ ಗೊತ್ತು, ನಮ್ಮ ತಾತಂದಿರ ಜಮೀನು ಹೋದದ್ದು ಹೆಬ್ಬೆಟ್ಟಿನಲ್ಲಿ, ಜೀತಕ್ಕೆ ಬಿದ್ದದ್ದು ಹೆಬ್ಬೆಟ್ಟಿನಲ್ಲಿ. ಸಾಹುಕಾರನ ಕಾಗದದ ಮೇಲೆ ಒತ್ತಿದ ಆ ಕಪ್ಪು ಗುರುತಿನ ಕೆಳಗೆ ಎಷ್ಟು ಸಂಸಾರ ಹೂತುಹೋಗಿದೆ ಅಂತ ಲೆಕ್ಕ ಇಟ್ಟವರಿಲ್ಲ. ಮುಂದೆ ಈ ಕತೆಯನ್ನು ಸಂಗೀತ ನಾಟಕ ಮಾಡಿದ ಕಮಲಾ ಶಂಕರಮ್ ಅದಕ್ಕೆ 'ಹೆಬ್ಬೆಟ್ಟಿನ ಗುರುತು' ಅನ್ನುವ ಅರ್ಥದ ಇಂಗ್ಲಿಷ್ ಹೆಸರನ್ನೇ ಇಟ್ಟರು. 2014ರಲ್ಲಿ ನ್ಯೂಯಾರ್ಕಿನಲ್ಲಿ ಅದು ಆಡಲ್ಪಟ್ಟಿತು. ಕತೆಯ ಜೀವ ಎಲ್ಲಿದೆ ಅಂತ ಅವರಿಗೂ ಕಂಡಿದೆ.

ಸರ್ಕಾರ ಪರಿಹಾರ ಅಂತ 5 ಲಕ್ಷ ರೂಪಾಯಿಯ ಚೆಕ್ಕು ತಂದಾಗ ಆಕೆ ಕೇಳಿದ್ದು ಶಾಲೆ. ಆ ಹಣದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಳು. ತನ್ನ ಶಾಲೆಯಲ್ಲಿ ತಾನೇ ವಿದ್ಯಾರ್ಥಿಯಾಗಿ ಮಕ್ಕಳ ಪಕ್ಕ ಕೂತು ಅಕ್ಷರ ಕಲಿತಳು. ಹಣ ಸಾಲದೆ ಶಾಲೆ ತಡವರಿಸಿದಾಗ ಹೊರದೇಶದ ಪತ್ರಿಕೆಯ ಓದುಗರು ಕಳಿಸಿದ ದುಡ್ಡು ಕೈ ಹಿಡಿಯಿತು. ಮಸ್ತೋಯಿ ಕುಲದ ಮಕ್ಕಳೂ ಆ ಶಾಲೆಗೆ ಬಂದರು. ತನ್ನ ಮೇಲೆ ಕೈ ಮಾಡಿದವರ ಕುಲದ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಕೂಗುವುದು ಅಂದರೇನು? ಗಾಂಧಿವಾದಿಗಳು ಇದನ್ನು ಕ್ಷಮೆ ಅಂತ ಕರೆದು ಹೂವು ಏರಿಸಿಬಿಡುತ್ತಾರೆ. ನಮಗೆ ಹಾಗೆ ಕಾಣೋದಿಲ್ಲ. ಅವಳು ಆರೋಪಿಗಳನ್ನು ಕ್ಷಮಿಸಲಿಲ್ಲ, ಹದಿನೇಳು ವರ್ಷ ಕೋರ್ಟಿಗೆ ಅಲೆದಳು. ಶಾಲೆಗೆ ಮಸ್ತೋಯಿ ಹುಡುಗಿಯರನ್ನು ಸೇರಿಸಿಕೊಂಡದ್ದು ಬೇರೆ ಲೆಕ್ಕ. ನಾಳೆ ಪಂಚಾಯ್ತಿ ಸೇರಿದಾಗ ನಾಣ್ಯದ ಹಾಗೆ ಚಲಾವಣೆ ಆಗುವವರಲ್ಲಿ ಅವರೂ ಇದ್ದಾರೆ. ಕುಲದ ಗೋಡೆಯ ಆಚೆಗೂ ಹೆಣ್ಣಿನ ಪಾಡು ಒಂದೇ ಅಂತ ಅವಳಿಗೆ ಯಾವ ಸಿದ್ಧಾಂತದ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

4

ಬಿಸಿಯೂಟದ ಅಕ್ಕ ಕೇಳಿದ ಭಾಗಕ್ಕೆ ಈಗ ಬರೋಣ.

ಸುದ್ದಿ ಹರಡಿದ ಮೇಲೆ ಮುಖ್ತಾರಳ ಮನೆ ಬಾಗಿಲಿಗೆ ಹೆಂಗಸರು ಬರತೊಡಗಿದರು. ಗಂಡನ ಹೊಡೆತ ತಿಂದವರು, ಬಲವಂತದ ಮದುವೆಗೆ ಹೆದರಿ ಓಡಿಬಂದವರು, ಅವಳಂತೆಯೇ ಅತ್ಯಾಚಾರಕ್ಕೆ ಗುರಿಯಾದವರು. ಅವಳ ಕೋಣೆಯ ನೆಲದ ಮೇಲೇ ಮಲಗಿದರು. ಯಾವ ಯೋಜನೆಯೂ ಇಲ್ಲ, ಕಡತವೂ ಇಲ್ಲ. ಬಂದವರಿಗೆ ರೊಟ್ಟಿ, ಮಲಗಲು ಜಾಗ, ಕೇಳಲು ಕಿವಿ. ಆಮೇಲೆ ಅದು ತೊಂದರೆಗೊಳಗಾದ ಹೆಂಗಸರ ಆಸರೆ ಕೇಂದ್ರವಾಯಿತು, ಆಕೆಯ ಹೆಸರಿನ ಸಂಸ್ಥೆಯಾಯಿತು. ನಸೀಂ ಅಖ್ತರ್ ಎಂಬ ಓದಿದ ಗೆಳತಿ ಜೊತೆಗೆ ನಿಂತಳು. ಬಂದ ಹೆಂಗಸನ್ನು ಠಾಣೆಗೆ ಕರೆದೊಯ್ಯುವುದು, ವಕೀಲರನ್ನು ಹುಡುಕುವುದು, ಸಾಧ್ಯವಾದ ಕಡೆ ಮನೆಯವರನ್ನು ಕೂರಿಸಿ ಮಾತಾಡುವುದು, ಇವೇ ಕೆಲಸ. 'ಮಾಯಿ' ಅಂದರೆ ದೊಡ್ಡ ಹೆಣ್ಣನ್ನು ಗೌರವದಿಂದ ಕರೆಯುವ ಮಾತು, ನಮ್ಮ 'ಅವ್ವ', 'ಅಕ್ಕ' ಇದ್ದ ಹಾಗೆ. ಮುಖ್ತಾರನ್ ಬೀಬಿ ಆಗಿದ್ದವಳು ಮುಖ್ತಾರ್ ಮಾಯಿ ಆದದ್ದು ಈ ಬಾಗಿಲಿನಲ್ಲಿ.

ಈ ಪುಟಗಳಲ್ಲಿ ಒಂದು ಸಣ್ಣ ಸಂಗತಿ ಇದೆ, ಅದನ್ನು ವಿಮರ್ಶೆ ಗಮನಿಸಬೇಕು. 'ನಾನು' ಅಂತ ಶುರುವಾದ ಪುಸ್ತಕ ಹೋಗುತ್ತ ಹೋಗುತ್ತ 'ನಾವು' ಆಗುತ್ತದೆ. ನಮ್ಮ ದಲಿತ ಆತ್ಮಕತೆಗಳನ್ನು ಓದಿದವರಿಗೆ ಈ ದಾರಿ ಹೊಸದಲ್ಲ. ಮರಾಠಿಯ ಬೇಬಿ ಕಾಂಬ್ಳೆ ತಮ್ಮ ಕತೆಗೆ ಇಟ್ಟ ಹೆಸರಿನ ಅರ್ಥವೇ 'ನಮ್ಮ ಬದುಕು'. ಒಬ್ಬಳ ಕಣ್ಣೀರು ಒಬ್ಬಳದೇ ಆಗಿರುವವರೆಗೆ ಓದುವವನಿಗೆ ಅಯ್ಯೋ ಅನ್ನಿಸುತ್ತದೆ, ಅಷ್ಟೆ. 'ಅಯ್ಯೋ' ಅಂದವನು ಪುಸ್ತಕ ಮುಚ್ಚಿ ಊಟಕ್ಕೆ ಏಳಬಹುದು. 'ನಾವು' ಅಂದವರ ಎದುರು ಹಾಗೆ ಏಳಲಾಗದು, ನೀನು ಯಾವ ಕಡೆ ಅಂತ ಅವರು ಕೇಳುತ್ತಾರೆ.

ನೊಂದವಳು ನೊಂದವಳಿಗೆ ಕೊಡುವ ಆಸರೆಗೂ ಹೊರಗಿನವರು ಕೊಡುವ ಆಸರೆಗೂ ಇರುವ ವ್ಯತ್ಯಾಸ ಇದೇ ಪುಟಗಳಲ್ಲಿ ಗೊತ್ತಾಗುತ್ತದೆ. ಹೊರಗಿನವರು ಮೊದಲು ಕೇಳುವುದು, ಏನಾಯ್ತು ಅಂತ. ಅನುಭವಿಸಿದವಳು ಅದನ್ನು ಕೇಳೋದಿಲ್ಲ. ಉಂಡ್ಯಾ, ನಿದ್ದೆ ಮಾಡಿದ್ಯಾ, ಮನೆಗೆ ಹೋಗೋಕೆ ಭಯವಾ ಅಂತ ಕೇಳುತ್ತಾಳೆ. ಹೇಳಬೇಕಾದ್ದನ್ನು ಅವಳು ಬೇಕಾದಾಗ ಹೇಳಲಿ ಅಂತ ಕಾಯುತ್ತಾಳೆ. ಈ ಕಾಯುವುದೇ ದೊಡ್ಡ ವಿದ್ಯೆ. ಯಾವ ತರಬೇತಿ ಶಿಬಿರದಲ್ಲೂ ಸುಲಭಕ್ಕೆ ಕಲಿಸಲಾಗದ್ದು.

ನಮ್ಮ ನಾಡಿನಲ್ಲೂ ಇದಕ್ಕೆ ಸಾಕ್ಷಿ ಇದೆ. ದೇವರ ಹೆಸರಿನಲ್ಲಿ ಎಳೆಯ ದಲಿತ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿ ಊರ ಗಂಡಸರಿಗೆ ಬಿಡುವುದು ಮೀರ್‌ವಾಲಾದ ಪಂಚಾಯ್ತಿಗಿಂತ ಯಾವುದರಲ್ಲಿ ಕಮ್ಮಿ? 1982ರಲ್ಲಿ ಕರ್ನಾಟಕ ಅದನ್ನು ನಿಷೇಧಿಸುವ ಕಾನೂನು ಮಾಡಿತು. ಕಾನೂನು ಪುಸ್ತಕದಲ್ಲಿ ಕೂತಿತು. ಬೆಳಗಾವಿ ಜಿಲ್ಲೆಯಲ್ಲಿ ಅದನ್ನು ಊರೂರಿಗೆ ನಡೆಸಿಕೊಂಡು ಹೋದವರಲ್ಲಿ ಸೀತವ್ವ ಜೋಡಟ್ಟಿ ಒಬ್ಬರು. ತಾವೇ ಎಳವೆಯಲ್ಲಿ ದೇವದಾಸಿಯಾಗಿ ಬಿಡಲ್ಪಟ್ಟವರು. ಮುತ್ತು ಕಟ್ಟಿಸಿಕೊಂಡ ಹೆಂಗಸರೇ ಕಟ್ಟಿದ ಸಂಘದ ಮುಂದಾಳಾಗಿ, ಇನ್ನೊಂದು ಕೊರಳಿಗೆ ಮುತ್ತು ಬೀಳದಂತೆ ಅಡ್ಡ ನಿಂತರು. 2018ರಲ್ಲಿ ಪದ್ಮಶ್ರೀ ಬಂದಾಗ ಪೇಟೆಯ ಜನಕ್ಕೆ ಹೆಸರು ತಿಳಿಯಿತು. ಅದಕ್ಕೆ ಮೊದಲೇ ಎಷ್ಟೋ ಕೇರಿಗಳ ತಾಯಂದಿರಿಗೆ ಗೊತ್ತಿತ್ತು.

5

ಹಾಗಂತ ಪುಸ್ತಕವನ್ನು ತಲೆ ಮೇಲೆ ಹೊತ್ತು ಮೆರೆಸಬೇಕಾಗಿಲ್ಲ. ಕೊರತೆ ಇದೆ, ಹೇಳಬೇಕು.

ಮುಖ್ತಾರಳ ಮಾತು ಸರಾಯ್ಕಿ. ಅದು ಬಾಯಿಂದ ಬಾಯಿಗೆ ದಾಟಿ ಫ್ರೆಂಚಾಯಿತು, ಮತ್ತೆ ಇಂಗ್ಲಿಷಾಯಿತು. ದಾರಿಯಲ್ಲಿ ಮಣ್ಣಿನ ವಾಸನೆ ಬಹಳ ಉದುರಿಹೋಗಿದೆ. ಕೆಲವು ಕಡೆ ಹಳ್ಳಿಯ ಹೆಂಗಸು ಪ್ಯಾರಿಸ್ಸಿನ ಓದುಗರಿಗೆ ತನ್ನ ಊರಿನ ಪದ್ಧತಿಯನ್ನು ಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ. ಬಿಳಿಯರಿಗೆ ಬೇಕಾದದ್ದು 'ಸಂಪ್ರದಾಯದ ಕತ್ತಲೆ'. ಹಾಗಾಗಿ ಸಂಪ್ರದಾಯದ ಮಾತು ಹೆಚ್ಚಾಗಿದೆ, ಜಮೀನಿನ ಮಾತು ಕಮ್ಮಿಯಾಗಿದೆ. ಯಾರ ಹೊಲಕ್ಕೆ ಯಾರು ಕೂಲಿಗೆ ಹೋಗುತ್ತಿದ್ದರು, ನೀರು ಯಾರ ಕೈಯಲ್ಲಿತ್ತು, ಚುನಾವಣೆಯಲ್ಲಿ ಮಸ್ತೋಯಿಗಳು ಯಾರ ಹಿಂದೆ ಇದ್ದರು? ಬಂಡಾಯದ ಓದುಗ ಈ ಪ್ರಶ್ನೆ ಕೇಳಿದರೆ ಪುಸ್ತಕ ತಡವರಿಸುತ್ತದೆ. ಮಾನ ಅನ್ನೋದು ಗಾಳಿಯಲ್ಲಿ ತೇಲುವ ಸಂಗತಿಯಲ್ಲ. ಅದಕ್ಕೆ ಖಾತೆ, ಪಹಣಿ ಎಲ್ಲ ಇರುತ್ತದೆ. ಎಕರೆಗಟ್ಟಲೆ ಇದ್ದವನ ಮಾನ ದೊಡ್ಡದು, ಅಂಗೈಯಗಲ ಇದ್ದವನದು ಚಿಕ್ಕದು.

ಎರಡನೆಯದು, ಅಕ್ಷರದ ಮೇಲೆ ಪುಸ್ತಕ ಇಟ್ಟಿರುವ ನಂಬಿಕೆ. ಅಕ್ಷರ ಬಂದರೆ ಕತ್ತಲೆ ಹೋಗುತ್ತದೆ ಅಂತ ಅದು ಮತ್ತೆ ಮತ್ತೆ ಹೇಳುತ್ತದೆ. ನಾವು ಮೇಷ್ಟರುಗಳು, ಕೇಳಿದರೆ ಖುಷಿಯಾಗುತ್ತದೆ. ಆದರೆ ಠಾಣೆಯಲ್ಲಿ ಸುಳ್ಳು ಬರೆದುಕೊಂಡವನಿಗೆ ಅಕ್ಷರ ಬರುತ್ತಿತ್ತು. 1979ರಲ್ಲಿ ಜಿಯಾ ಉಲ್ ಹಕ್ ಆಡಳಿತ ತಂದ ಹುದೂದ್ ಕಾನೂನನ್ನು ಬರೆದವರೂ ಓದಿದವರೇ. ಆ ಕಾನೂನಿನ ಪ್ರಕಾರ ಅತ್ಯಾಚಾರಕ್ಕೆ ಕಡೆಯ ಶಿಕ್ಷೆ ಆಗಬೇಕಾದರೆ ಕಣ್ಣಾರೆ ಕಂಡ ನಾಲ್ವರು ಗಂಡಸರ ಸಾಕ್ಷಿ ಬೇಕಾಗಿತ್ತು. ಸಾಬೀತಾಗದಿದ್ದರೆ ದೂರು ಕೊಟ್ಟವಳೇ ಹಾದರದ ಆರೋಪಿಯಾಗಿ ಜೈಲಿಗೆ ಹೋಗುವ ಅಪಾಯವಿತ್ತು. 2006ರ ಕೊನೆಗೆ ತಿದ್ದುಪಡಿಯಾಗಿ ಅತ್ಯಾಚಾರ ಮತ್ತೆ ಸಾಮಾನ್ಯ ದಂಡಸಂಹಿತೆಯೊಳಗೆ ಬಂತು. ಅದಕ್ಕಾಗಿ ಹೆಂಗಸರು ಎಷ್ಟೋ ವರ್ಷ ಬೀದಿಯಲ್ಲಿ ಕೂಗಿದ್ದರು. ಮುಖ್ತಾರಳ ಮೊಕದ್ದಮೆ ಆ ಕೂಗಿಗೆ ಬಲ ಕೊಟ್ಟಿತು. ಅಕ್ಷರ ಕೊಡಲಿ ಇದ್ದ ಹಾಗೆ. ಯಾರ ಕೈಯಲ್ಲಿದೆ ಅನ್ನೋದೇ ಮುಖ್ಯ.

ಮೂರನೆಯದು ಪುಸ್ತಕದ ತಪ್ಪಲ್ಲ, ನಮ್ಮದು. 2009ರಲ್ಲಿ ಮುಖ್ತಾರ್, ತನ್ನ ಕಾವಲಿಗೆ ಇದ್ದ ಪೇದೆಯೊಬ್ಬನನ್ನು ಮದುವೆಯಾದಳು. ಅವನಿಗೆ ಆಗಲೇ ಹೆಂಡತಿ ಇದ್ದಳು. ಒಪ್ಪದಿದ್ದರೆ ಮೊದಲ ಹೆಂಡತಿಗೆ ತಲಾಖ್ ಕೊಡುವ ಬೆದರಿಕೆ ಇತ್ತು. ಬದಲಿ ಮದುವೆಯ ಕಟ್ಟಿನಿಂದ ಆ ಮನೆಯ ಬೇರೆ ಹೆಣ್ಣುಗಳ ಸಂಸಾರವೂ ಒಡೆಯುತ್ತಿತ್ತು. ಮೊದಲ ಹೆಂಡತಿಯ ಹೆಸರಿಗೆ ಮನೆ, ಜಮೀನು ಬರೆಯಬೇಕು ಅಂತ ಷರತ್ತು ಹಾಕಿ ಒಪ್ಪಿದಳು. ನಮ್ಮ ಕೊಠಡಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಗೆಳೆಯರು, ಛೆ, ಇಷ್ಟು ಹೋರಾಡಿ ಎರಡನೇ ಹೆಂಡತಿ ಆದಳೇ, ಅಂದರು. ನಾವು ಹೆಂಗಸಿನಲ್ಲಿ ಒಂದೋ ಬಾವಿಗೆ ಬೀಳುವ ಶೀಲವತಿಯನ್ನು ಹುಡುಕುತ್ತೇವೆ, ಇಲ್ಲ ಕಂಚಿನ ಪ್ರತಿಮೆಯನ್ನು ಹುಡುಕುತ್ತೇವೆ. ಬದುಕಿರುವವಳು ಈ ಎರಡೂ ಆಗಲಾರಳು. ಅವಳಿಗೆ ಆ ಊರಿನಲ್ಲೇ, ಆ ಕಟ್ಟುಗಳ ನಡುವೆಯೇ, ಬೆಳಿಗ್ಗೆ ಎದ್ದು ಶಾಲೆ ಬಾಗಿಲು ತೆಗೆಯಬೇಕಾಗಿತ್ತು.

6

ಕೊನೆಗೆ ನಮ್ಮ ಚಳವಳಿಯ ಸಾಹಿತ್ಯಕ್ಕೆ ಎರಡು ಮಾತು. ಎಪ್ಪತ್ತು ಎಂಬತ್ತರ ದಶಕದಿಂದ ಇಲ್ಲಿಯವರೆಗೆ ನಾವು ಬರೆದ ಕತೆಗಳನ್ನು, ಬೀದಿ ನಾಟಕಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಒಂದು ಅಚ್ಚು ಕಾಣುತ್ತದೆ. ಗೌಡ ಕೇರಿಯ ಹೆಣ್ಣನ್ನು ಕೆಡಿಸುತ್ತಾನೆ. ಅವಳು ಕೆರೆಗೋ ಬಾವಿಗೋ ಬೀಳುತ್ತಾಳೆ. ಅಣ್ಣನೋ ಗಂಡನೋ ಮಚ್ಚು ಹಿಡಿಯುತ್ತಾನೆ. ಕೆಂಪು ಸೂರ್ಯ ಹುಟ್ಟುತ್ತಾನೆ. ಚಪ್ಪಾಳೆ ಬೀಳುತ್ತದೆ. ಆ ಹೆಣ್ಣು ಕತೆಯಲ್ಲಿ ಇದ್ದದ್ದು ಗಂಡಸಿನ ಸಿಟ್ಟಿಗೆ ಬೆಂಕಿಕಡ್ಡಿ ಆಗಲಿಕ್ಕೆ. ಗೌಡನಿಗೂ ಅವಳು ಕುಲದ ಮಾನ, ನಮಗೂ ಅವಳು ಕೇರಿಯ ಮಾನ. ಮಾನದ ಲೆಕ್ಕದಲ್ಲಿ ನಾವು ಗೌಡನ ಪುಸ್ತಕವನ್ನೇ ನಕಲು ಮಾಡಿದ್ದೇವೆ ಅಂತ ಒಪ್ಪಿಕೊಳ್ಳದೆ ವಿಧಿಯಿಲ್ಲ. ಸತ್ತ ಹೆಣ್ಣಿಗೆ ನಮ್ಮ ಸಾಹಿತ್ಯದಲ್ಲಿ ಜಾಗ ಇತ್ತು. ಬದುಕಿ ಉಳಿದವಳಿಗೆ, ಮರುದಿನ ಕೂಲಿಗೆ ಹೋದವಳಿಗೆ, ಪಕ್ಕದ ಮನೆಯ ಹುಡುಗಿಗೆ ಹಾಗಾದಾಗ ರಾತ್ರಿಯಿಡೀ ಜೊತೆಗೆ ಕೂತವಳಿಗೆ ಜಾಗ ಇರಲಿಲ್ಲ. ಅಂಥವರು ನಮ್ಮ ಕೇರಿಗಳಲ್ಲಿ ಇರಲಿಲ್ಲವೇ? ಇದ್ದರು. ನಾವು ಅವರ ಕತೆ ಕೇಳಲಿಲ್ಲ.

ಹಳ್ಳಿಯಲ್ಲಿರುವ ಮೇಷ್ಟರು, ವಿದ್ಯಾರ್ಥಿಗಳು, ಕಾರ್ಯಕರ್ತರು ಈ ಪುಸ್ತಕದಿಂದ ಕೈಗೆ ತಗೊಂಡು ಹೋಗಬಹುದಾದ ಸಂಗತಿ ಏನು? ಒಂದು, ಹೆಬ್ಬೆಟ್ಟಿನ ಪಾಠ. ನಮ್ಮ ದೇಶದ ಕಾನೂನಿನ ಪ್ರಕಾರ ಬಾಯಿಮಾತಿನಲ್ಲಿ ಕೊಟ್ಟ ದೂರನ್ನು ಬರೆದುಕೊಂಡ ಮೇಲೆ ಕೊಟ್ಟವರಿಗೆ ಓದಿ ಹೇಳಲೇಬೇಕು, ನಕಲನ್ನು ಪುಕ್ಕಟೆಯಾಗಿ ಕೊಡಲೇಬೇಕು. ಇಂಥ ದೂರನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಯಾವ ಆಸ್ಪತ್ರೆಯೇ ಇರಲಿ, ಸರ್ಕಾರಿಯೋ ಖಾಸಗಿಯೋ, ಮೊದಲ ಚಿಕಿತ್ಸೆಯನ್ನು ದುಡ್ಡು ಕೇಳದೆ ಮಾಡಬೇಕು. ಇವುಗಳಲ್ಲಿ ಮಹಿಳಾ ಅಧಿಕಾರಿಯ ಮತ್ತು ಆಸ್ಪತ್ರೆಯ ನಿಯಮ 2013ರಿಂದ ಕಾನೂನಾಗಿವೆ, ಓದಿ ಹೇಳಿ ನಕಲು ಕೊಡುವ ನಿಯಮ ಅದಕ್ಕೂ ಹಳೆಯದು. ಎರಡು ಬೆರಳಿನ ಪರೀಕ್ಷೆ ಎಂಬ ಹೀನ ಪದ್ಧತಿ ಕೂಡದು ಅಂತ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು, 2022ರಲ್ಲಿ ಮತ್ತೆ ಹೇಳಬೇಕಾಯಿತು. ಎರಡನೇ ಸಲ ಹೇಳಬೇಕಾಯಿತು ಅಂದರೆ ಮೊದಲ ಸಲ ಹೇಳಿದ್ದು ಊರಿಗೆ ತಲುಪಲಿಲ್ಲ ಅಂತಲೇ ಅರ್ಥ. ತಲುಪಿಸುವ ಕೆಲಸ ಅಕ್ಷರ ಬಂದ ನಮ್ಮದು. ಠಾಣೆಯ ಬೆಂಚಿನ ಮೇಲೆ ಅವಳ ಪಕ್ಕ ಕೂತು, ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಲಿ ಅನ್ನುವ ಒಬ್ಬರು ಇದ್ದರೆ ಮೊಕದ್ದಮೆಯ ಅರ್ಧ ದಾರಿ ಬದಲಾಗುತ್ತದೆ.

ಎರಡನೆಯದು ಬಾಗಿಲಿನ ಪಾಠ. ಅವಳ ಹೆಸರನ್ನು ಪ್ರಚಾರ ಮಾಡುವ ಹಕ್ಕು ನಮಗಿಲ್ಲ. ಮುಖ್ತಾರ್ ತನ್ನ ಹೆಸರು ತಾನೇ ಹೇಳಿದಳು, ಅದು ಅವಳ ಧೈರ್ಯ. ಇನ್ನೊಬ್ಬಳು ಹೇಳದೆ ಇರಬಹುದು, ಅದೂ ಧೈರ್ಯವೇ. ನಮ್ಮ ಮೆರವಣಿಗೆಗೆ ಮುಖ ಬೇಕು ಅಂತ ಅವಳನ್ನು ವೇದಿಕೆ ಹತ್ತಿಸಬಾರದು. ಮುಂದಾಳತ್ವ ನೊಂದ ಹೆಂಗಸರದ್ದಾಗಲಿ. ನಾವು ಗಂಡಸರು ಬಸ್ ಚಾರ್ಜು, ಊಟ, ಅರ್ಜಿ ಬರೆಯುವುದು, ಕೋರ್ಟಿನ ವಾಯಿದೆಗೆ ಜೊತೆಗೆ ಹೋಗುವುದು, ಇಂಥ ಬೆನ್ನ ಹಿಂದಿನ ಕೆಲಸ ಕಲಿಯೋಣ. ಭಾಷಣಕ್ಕಿಂತ ಇದು ಕಷ್ಟ.

ಅವತ್ತು ಆ ಕೊಠಡಿಯಲ್ಲಿ ಅಕ್ಕನ ಮಾತಿನ ಮೇಲೆ ನಾವು ಪುಟ ಮಗುಚಿ ಶಾಲೆಯ ಭಾಗ ಓದಿದೆವು, ಬಾಗಿಲಿಗೆ ಬಂದ ಹೆಂಗಸರ ಭಾಗ ಓದಿದೆವು. ಹೊತ್ತು ಮುಳುಗಿತು. ಗಂಡಸರು ಎದ್ದು ಹೊರಗೆ ಹೋದರು. ಹೆಂಗಸರು ಏಳಲಿಲ್ಲ. ಆ ಅಕ್ಕನ ಸುತ್ತ ನಾಲ್ಕೈದು ಜನ ಹತ್ತಿರ ಸರಿದು ಮೆಲ್ಲಗೆ ಏನೋ ಮಾತಾಡತೊಡಗಿದರು. ನಮಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ನಾವು ಕೊಠಡಿಯ ಬೀಗದ ಕೈಯನ್ನು ಅವರ ಹತ್ತಿರವೇ ಬಿಟ್ಟು ಬಂದೆವು.